ತಂಗದಿರನ ಊರಿಗೆ ಹೊಲಿದ ಅಂಗಿ

ಈ ಹೊತ್ತಿನ ನನ್ನ ಮಾತು ಒಂದು ಹಳೆಯ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ. ಪ್ರಶ್ನೆ ಕೇಳಿದವಳು ನನ್ನ ತಾಯಿಯ ತಾಯಿ. ಕೇಳಿದ್ದು 1969ರ ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ, ಕನಕಪುರ ತಾಲ್ಲೂಕಿನ ಮರಳವಾಡಿಯಲ್ಲಿ, ಅವಳ ಮನೆಯ ಜಗಲಿಯ ಮೇಲೆ. ನಾನು ಬೆಳೆದದ್ದು ಆ ಮನೆಯಲ್ಲಿಯೇ. ನನಗೆ ಆಗ ಒಂಬತ್ತು ವರ್ಷ. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟನೆಂಬ ವಾರ್ತೆಯನ್ನು ಜುಲೈ 21ರ ಸೋಮವಾರ ರೇಡಿಯೋ ಸಾರಿತ್ತು. ಆದರೆ ಹಳ್ಳಿಯವರಾದ ನಮಗೆ ಕಣ್ಣಾರೆ ನೋಡಲು ಒಂದು ಚಿತ್ರ ದೊರೆತದ್ದು ಕೆಲವು ದಿನಗಳ ಮೇಲೆ, ಶಾಲೆಯ ಮೇಷ್ಟ್ರು ಬೆಂಗಳೂರಿನಿಂದ ತಂದ ಪತ್ರಿಕೆಯೊಂದರಲ್ಲಿ. ಬೂದಿಯ ಬಣ್ಣದ ನೆಲ, ಕರಿಯ ಆಕಾಶ, ನಡುವೆ ಉಬ್ಬಿದ ಬಿಳಿಯ ಉಡುಪು ತೊಟ್ಟ, ಮುಖವೇ ಕಾಣದ ಒಂದು ಆಕೃತಿ. ಅಜ್ಜಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆಗೆ ತಿರುಗಿ, ‘ಅಲ್ಲ ಕಣ್ಲಾ ಮಗ, ತಣ್ಣಗಿರೋ ಚಂದ್ರನ ತಾವಕ್ಕೆ ಹೋಗಾಕೆ ಇಷ್ಟು ದಪ್ಪನ ಅಂಗಿ ಯಾಕ್ಲಾ?’ ಎಂದಳು.

ನನಗೇನು ಗೊತ್ತು? ಮೇಷ್ಟ್ರೇ ಮುಂದೆ ಬಂದು, ‘ಅಲ್ಲಿ ಗಾಳಿ ಇಲ್ಲ ಕಣಮ್ಮ’ ಎಂದರು. ‘ಗಾಳಿ ಇಲ್ದಿದ್ರೆ ಸೆಕೆ ಆಯ್ತದೆ ಮೇಷ್ಟ್ರೇ. ಅಂಗಿ ಬಿಚ್ಚಬೇಕೋ, ಹಾಕ್ಕೋಬೇಕೋ?’ ಎಂದು ಅಜ್ಜಿ ಮರುಪ್ರಶ್ನೆ ಹಾಕಿದಳು. ಮೇಷ್ಟ್ರು ನಕ್ಕರು, ಉತ್ತರ ಹೇಳಲಿಲ್ಲ. ಎಲ್ಲರೂ ನಕ್ಕರೆಂದು ನಾನೂ ನಕ್ಕೆ. ಅವಳ ಮರುಪ್ರಶ್ನೆ ಎಷ್ಟು ಸರಿಯಾಗಿತ್ತೆಂಬುದು ನನಗೆ ತಿಳಿಯಲು ಹಲವು ದಶಕಗಳೇ ಬೇಕಾದುವು.

ನಮ್ಮದು ರೇಷ್ಮೆಯ ಸೀಮೆ. ಹುಳು ಸಾಕುವ ಮನೆಯಲ್ಲಿ ಬೆಳೆದವರಿಗೆ ಗೊತ್ತಿರುವಂತೆ, ರೇಷ್ಮೆಹುಳುವಿನಷ್ಟು ಸುಕುಮಾರವಾದ ಪ್ರಾಣಿ ಇನ್ನೊಂದಿಲ್ಲ. ಬಿಸಿಲು ಏರಿದರೆ ಸೊಪ್ಪು ಬಿಡುತ್ತದೆ. ಚಳಿ ಹೆಚ್ಚಿದರೆ ಮುರುಟುತ್ತದೆ. ಗಾಳಿ ನಿಂತರೆ ರೋಗ ಬೀಳುತ್ತದೆ. ಬೇಸಗೆಯಲ್ಲಿ ಅಜ್ಜಿ ಹುಳುಮನೆಯ ಕಿಟಕಿ ಬಾಗಿಲುಗಳಿಗೆ ಗೋಣಿತಾಟು ಕಟ್ಟಿ, ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಿದ್ದಳು. ಮಾಗಿಯಲ್ಲಿ ಇದ್ದಿಲಿನ ಕೆಂಡವಿಡುತ್ತಿದ್ದಳು. ನಾಲ್ಕು ಜ್ವರ ಕಳೆದು ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ನಮ್ಮ ಕಡೆ ಚಂದ್ರಂಕಿ ಎನ್ನುತ್ತಾರೆ. ಬರೆಯುವಾಗ ಚಂದ್ರಿಕೆ ಎಂದು ಬರೆಯುತ್ತಾರೆ. ಚಂದ್ರಿಕೆ ಎಂದರೆ ಬೆಳದಿಂಗಳು. ಅಜ್ಜಿ ಆ ಪ್ರಶ್ನೆ ಕೇಳಿದಾಗ ಅವಳ ಬೆನ್ನ ಹಿಂದೆ ಗೋಡೆಗೆ ಒರಗಿಸಿದ ಚಂದ್ರಂಕಿಗಳಿದ್ದುವು.

ಮುಂದೆ ನಾನು ಕನ್ನಡ ಎಂ.ಎ. ಮಾಡಿ, ಕಾಲೇಜಿನಲ್ಲಿ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳುವವನಾದೆ. ತರಗತಿಯಲ್ಲಿ ಚಂದ್ರೋದಯದ ವರ್ಣನೆ ಬಂದಾಗಲೆಲ್ಲ ಅಜ್ಜಿಯ ಪ್ರಶ್ನೆ ನೆನಪಾಗುತ್ತಿತ್ತು. ನಮ್ಮ ಕವಿಗಳಿಗೆ ಚಂದ್ರನೆಂದರೆ ತಂಪು. ಅಚ್ಚಗನ್ನಡದಲ್ಲಿ ಅವನು ತಂಗದಿರ; ಅಮರಕೋಶದಲ್ಲಿ ಹಿಮಾಂಶು, ಸುಧಾಂಶು, ಓಷಧೀಶ. ಚಕೋರ ಪಕ್ಷಿ ಅವನ ಬೆಳಕನ್ನೇ ಉಂಡು ಬದುಕುತ್ತದೆ. ವಿರಹಿಗಳಿಗೆ ಮಾತ್ರ ಅವನು ಬಿಸಿ, ಅದೂ ಅವರ ಚಿತ್ತದ ವಿಕಾರದಿಂದ. ಇಷ್ಟು ಶತಮಾನಗಳ ಕವಿಸಮಯದ ಎದುರಿಗೆ ಪತ್ರಿಕೆಯ ಆ ಚಿತ್ರವನ್ನು ಇಟ್ಟು ನೋಡಿದರೆ, ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆಂದು ತೋರುವುದು ಸಹಜ. ಆದರೆ ಕವಿಗಳು ಸುಳ್ಳು ಹೇಳಲಿಲ್ಲ. ಅವರು ಕಂಡದ್ದನ್ನು ಇಲ್ಲಿ ನಿಂತು ಕಂಡರು. ಬೆಳದಿಂಗಳ ರಾತ್ರಿ ತಂಪಾಗಿರುವುದಕ್ಕೆ ಕಾರಣ ನಮ್ಮ ಇರುಳಿನ ಗಾಳಿ, ನಮ್ಮ ಕೆರೆಯ ನೀರು, ನಮ್ಮ ಗಿಡಗಳ ಎಲೆ. ಆ ತಂಪನ್ನೆಲ್ಲ ನಾವು ಔದಾರ್ಯದಿಂದ ಚಂದ್ರನ ಲೆಕ್ಕಕ್ಕೆ ಬರೆದೆವು. ಅವನಲ್ಲಿಗೆ ಹೋಗಬೇಕಾಗಿ ಬಂದಾಗಲೇ ಲೆಕ್ಕವನ್ನು ತಿದ್ದಬೇಕಾಯಿತು. ಅಂತರಿಕ್ಷದ ಉಡುಪಿನ ಚರಿತ್ರೆ ಎಂದರೆ ಹೀಗೆ ಲೆಕ್ಕ ತಿದ್ದಿದ ಚರಿತ್ರೆ.

ಮೊದಲು ಮೇಷ್ಟ್ರ ಮಾತನ್ನೇ ತೆಗೆದುಕೊಳ್ಳೋಣ: ಅಲ್ಲಿ ಗಾಳಿ ಇಲ್ಲ. ಗಾಳಿ ಉಸಿರಾಡಲು ಬೇಕೆಂಬುದನ್ನು ಮಗುವೂ ಬಲ್ಲುದು. ಗಾಳಿ ನಮ್ಮನ್ನು ಸದಾ ಒತ್ತಿ ಹಿಡಿದಿದೆಯೆಂಬುದು ಮಾತ್ರ ನಮ್ಮ ಗಮನಕ್ಕೆ ಬರುವುದಿಲ್ಲ. ಸಮುದ್ರದ ಮಟ್ಟದಲ್ಲಿ ಮೈಯ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದು ಕಿಲೋ ತೂಕದಷ್ಟು ವಾಯುಭಾರವಿದೆ. ಆ ಒತ್ತಡವಿರುವುದರಿಂದಲೇ ನೀರು 100 ಡಿಗ್ರಿಯವರೆಗೆ ಕಾಯುವ ತನಕ ಕುದಿಯದೆ ಉಳಿಯುತ್ತದೆ. ಎತ್ತರದ ಬೆಟ್ಟಗಳ ಮೇಲೆ ಒತ್ತಡ ಕಡಿಮೆಯಾದುದರಿಂದ ನೀರು ಬೇಗ ಕುದಿಯುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ಹೀಗೆಯೇ ಮೇಲೇರುತ್ತ ಸುಮಾರು 19 ಕಿಲೋಮೀಟರ್ ಎತ್ತರವನ್ನು ಮುಟ್ಟಿದರೆ, ನೀರು ಕುದಿಯಲು ಮನುಷ್ಯನ ಮೈಯ ಬಿಸಿಯೇ ಸಾಕಾಗುತ್ತದೆ. ಚಂದ್ರನಲ್ಲಿ ಒತ್ತಡ ಇಲ್ಲವೆಂದೇ ಹೇಳಬೇಕು.

ಇದು ಬರಿಯ ಗಣಿತವಲ್ಲ. 1966ರ ಡಿಸೆಂಬರಿನಲ್ಲಿ ಅಮೆರಿಕದ ಹೂಸ್ಟನ್ ನಗರದಲ್ಲಿ, ಗಾಳಿಯನ್ನು ಹೊರದೂಡಿದ ಕೋಣೆಯೊಂದರಲ್ಲಿ ಜಿಮ್ ಲೆಬ್ಲಾಂಕ್ ಎಂಬ ತಂತ್ರಜ್ಞ ಚಂದ್ರಯಾತ್ರೆಯ ಉಡುಪನ್ನು ತೊಟ್ಟು ಪರೀಕ್ಷಿಸುತ್ತಿದ್ದಾಗ, ಉಡುಪಿಗೆ ಗಾಳಿ ತರುವ ಕೊಳವೆ ಕಳಚಿತು. ಸುಮಾರು 14 ಸೆಕೆಂಡುಗಳಲ್ಲಿ ಅವನಿಗೆ ಎಚ್ಚರ ತಪ್ಪಿತು. ಕೋಣೆಗೆ ತಕ್ಷಣ ಗಾಳಿ ತುಂಬಿದುದರಿಂದ ಬದುಕಿದ. ಎಚ್ಚರ ತಪ್ಪುವ ಮುನ್ನ ತನಗೆ ನೆನಪಿದ್ದುದು ನಾಲಗೆಯ ಮೇಲೆ ಎಂಜಲು ಗುಳ್ಳೆಗುಳ್ಳೆಯಾಗಿ ಕುದಿಯುತ್ತಿದ್ದ ಅನುಭವ ಎಂದು ಅವನು ಆಮೇಲೆ ಹೇಳಿದ.

ಹೀಗಾಗಿ ಉಡುಪಿನ ಮೊದಲನೆಯ ಕೆಲಸ ಮೈಯನ್ನು ಒತ್ತಿ ಹಿಡಿಯುವುದು. ಈ ವಿಚಾರ ಚಂದ್ರಯಾತ್ರೆಗಿಂತ ಹಳೆಯದು. 1934ರಲ್ಲಿಯೇ ವೈಲಿ ಪೋಸ್ಟ್ ಎಂಬ ಅಮೆರಿಕದ ಒಕ್ಕಣ್ಣಿನ ವಿಮಾನಚಾಲಕ ಬಹು ಎತ್ತರದಲ್ಲಿ ಹಾರುವುದಕ್ಕಾಗಿ ರಬ್ಬರಿನ ಉಡುಪೊಂದನ್ನು ಮಾಡಿಸಿಕೊಂಡಿದ್ದ. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಅಂತರಿಕ್ಷಕ್ಕೆ ಏರಿದಾಗ ಅಂಥದೇ ಉಡುಪಿನ ಸುಧಾರಿಸಿದ ರೂಪವನ್ನು ತೊಟ್ಟಿದ್ದ. ಆದರೆ ಒತ್ತಡ ತುಂಬಿದ ಉಡುಪಿಗೆ ಅದರದೇ ಆದ ಸಂಕಟವುಂಟು. ಗಾಳಿ ತುಂಬಿದ ಚಕ್ರದ ಟ್ಯೂಬನ್ನು ಬಗ್ಗಿಸಿ ನೋಡಿದವರಿಗೆ ಅದು ಗೊತ್ತು. 1965ರ ಮಾರ್ಚ್ 18ರಂದು ಅಲೆಕ್ಸಿ ಲಿಯೊನೊವ್ ನೌಕೆಯಿಂದ ಹೊರಗೆ ಬಂದು, ಅಂತರಿಕ್ಷದ ಬಯಲಿನಲ್ಲಿ ತೇಲಿದ ಮೊದಲ ಮನುಷ್ಯನಾದ. ಹೊರಗಿದ್ದದ್ದು ಸುಮಾರು 12 ನಿಮಿಷ. ಅಷ್ಟರಲ್ಲಿ ಉಡುಪು ಉಬ್ಬಿ, ಬೆರಳುಗಳು ಕೈಗವಸಿನ ತುದಿ ಮುಟ್ಟದಂತಾಗಿ, ಒಳಗೆ ನುಸುಳಲು ಆಗದೆ ಹೋಯಿತು. ಕೊನೆಗೆ ಪ್ರಾಣಾಪಾಯವನ್ನು ಲೆಕ್ಕಿಸದೆ ಉಡುಪಿನ ಗಾಳಿಯನ್ನು ಸ್ವಲ್ಪ ಹೊರಬಿಟ್ಟು, ಮೈಯನ್ನು ಸಡಿಲಿಸಿಕೊಂಡು ಒಳಸೇರಿದ. ಚಂದ್ರನ ಮೇಲೆ ನಡೆಯುವವರ ಉಡುಪಿನಲ್ಲಿ ಈ ಪಾಠವನ್ನು ಪಾಲಿಸಲಾಯಿತು. ಅದರೊಳಗೆ ತುಂಬಿದ್ದು ಬರಿಯ ಆಮ್ಲಜನಕ. ಒತ್ತಡ ನಮ್ಮ ವಾಯುಭಾರದ ಕಾಲುಭಾಗ ಮಾತ್ರ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕವಿರುವುದು ಐದರಲ್ಲೊಂದು ಪಾಲಾದುದರಿಂದ ಉಸಿರಿಗೆ ಅಷ್ಟು ಸಾಕು. ಮೊಣಕೈ ಮೊಣಕಾಲು ಮಡಿಸುವುದಕ್ಕೂ ಅವಕಾಶವಾಯಿತು.

ಉಡುಪು ಇಲ್ಲದಿದ್ದರೆ ಏನಾಗುವುದೆಂಬುದಕ್ಕೆ ಮೂವರು ಪ್ರಾಣ ತೆತ್ತರು. 1971ರ ಜೂನ್ ತಿಂಗಳ ಕೊನೆಯಲ್ಲಿ ಸೋವಿಯತ್ ದೇಶದ ದೊಬ್ರೊವೊಲ್ಸ್ಕಿ, ವೊಲ್ಕೊವ್, ಪತ್ಸಾಯೆವ್ ಎಂಬುವರು ಮೂರು ವಾರಗಳಿಗಿಂತ ಹೆಚ್ಚು ಕಾಲ ಅಂತರಿಕ್ಷದಲ್ಲಿದ್ದು ಸೊಯೂಜ್ 11 ನೌಕೆಯಲ್ಲಿ ಹಿಂದಿರುಗುತ್ತಿದ್ದರು. ಮೂವರಿಗೆ ಇಕ್ಕಟ್ಟಾದ ಆ ನೌಕೆಯಲ್ಲಿ ಒತ್ತಡದ ಉಡುಪು ತೊಡಲು ಎಡೆಯಿರಲಿಲ್ಲ. ಇಳಿಯುವ ಮುನ್ನ ಒಂದು ಸಣ್ಣ ಕವಾಟ ಕಾಲಕ್ಕೆ ಮೊದಲೇ ತೆರೆದು, ಒಳಗಿನ ಗಾಳಿಯೆಲ್ಲ ಸೋರಿತು. ನೌಕೆ ಸರಿಯಾದ ರೀತಿಯಲ್ಲಿಯೇ ನೆಲ ಮುಟ್ಟಿತು. ಬಾಗಿಲು ತೆರೆದವರು ಕಂಡದ್ದು ತಮ್ಮ ತಮ್ಮ ಆಸನಗಳಲ್ಲಿ ನಿರ್ಜೀವರಾಗಿ ಒರಗಿದ್ದ ಮೂವರನ್ನು. ಅಲ್ಲಿಂದ ಮುಂದೆ ಆ ನೌಕೆಯಲ್ಲಿ ಉಡುಪಿಲ್ಲದೆ ಏರುವುದು, ಇಳಿಯುವುದು ನಿಂತಿತು. 1984ರ ಏಪ್ರಿಲ್ 3ರಂದು ನಮ್ಮ ರಾಕೇಶ್ ಶರ್ಮ ಸೊಯೂಜ್ ನೌಕೆಯನ್ನು ಏರಿದಾಗ ಅವರು ತೊಟ್ಟಿದ್ದ ಉಡುಪು ಆ ಮೂವರ ಸಾವಿನಿಂದ ಕಲಿತ ಪಾಠವಾಗಿತ್ತು.

ಇನ್ನು ಅಜ್ಜಿಯ ಮರುಪ್ರಶ್ನೆ: ಗಾಳಿ ಇಲ್ಲದಿದ್ದರೆ ಸೆಕೆಯಲ್ಲವೇ? ಹೌದು. ಚಂದ್ರನ ನಡುಭಾಗದಲ್ಲಿ ಹಗಲಿನ ನೆಲ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಇರುಳಿನಲ್ಲಿ ಸೊನ್ನೆಗಿಂತ 130 ಡಿಗ್ರಿ ಕೆಳಗೆ ಇಳಿಯುತ್ತದೆ. ಅಲ್ಲಿಯ ಒಂದು ಹಗಲು ನಮ್ಮ ಹದಿನಾಲ್ಕು ದಿನಗಳಷ್ಟು, ಇರುಳೂ ಅಷ್ಟೇ. ಬಿಸಿಲನ್ನೂ ನೆರಳನ್ನೂ ಹದಗೊಳಿಸಲು ಬೀಸುವ ಗಾಳಿಯಿಲ್ಲ, ಹರಿಯುವ ನೀರಿಲ್ಲ. ಈ ವಿಷಯದಲ್ಲಿ ನಮ್ಮವರೇ ಅಳೆದು ತಂದ ಸಾಕ್ಷ್ಯವೂ ಇದೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ 3ರ ವಿಕ್ರಮ್ ಚಂದ್ರನ ದಕ್ಷಿಣದ ಕಡೆ ಇಳಿದು, ನೆಲಕ್ಕೆ ಒಂದು ಉಷ್ಣಮಾಪಕ ಸಲಾಕೆಯನ್ನು ಚುಚ್ಚಿತು. ನಾಲ್ಕು ದಿನಗಳ ಮೇಲೆ ಇಸ್ರೋ ಪ್ರಕಟಿಸಿದ ಮೊದಲ ನಕ್ಷೆಯಲ್ಲಿ ನೆಲದ ಮೇಲ್ಮೈ 50 ಡಿಗ್ರಿಗೂ ಮೇಲಿತ್ತು. ಎಂಟು ಸೆಂಟಿಮೀಟರ್ ಕೆಳಗೆ, ಅಂದರೆ ಒಂದು ಬೆರಳುದ್ದದ ಆಳದಲ್ಲಿ, ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗಿತ್ತು. ಒಂದು ಬೆರಳಿನ ಬುಡದಲ್ಲಿ ರಾಯಚೂರಿನ ಬೇಸಗೆಯನ್ನು ಮೀರಿಸುವ ಬಿಸಿ, ತುದಿಯಲ್ಲಿ ಹಿಮಾಲಯದ ಚಳಿ. ಚಂದ್ರಯಾನಗಳ ಸಂಕೇತಗಳನ್ನು ಹಿಡಿಯಲು 2008ರಲ್ಲಿ ಕಟ್ಟಿದ, 32 ಮೀಟರ್ ಅಗಲದ ದೊಡ್ಡ ಆಂಟೆನಾ ಇರುವುದು ನಮ್ಮ ಸೀಮೆಗೆ ಬಹು ದೂರವಲ್ಲದ ಬ್ಯಾಲಾಳುವಿನಲ್ಲಿ. ಸೆಪ್ಟೆಂಬರ್ ಮೊದಲ ವಾರ ಅಲ್ಲಿ ಕತ್ತಲಾಗುವ ಮುನ್ನ ವಿಕ್ರಮ್ ಮತ್ತು ಪ್ರಜ್ಞಾನ್ ಯಂತ್ರಗಳನ್ನು ಮಲಗಿಸಿದರು. ಮರುಬೆಳಗಾದಾಗ, ಸೆಪ್ಟೆಂಬರ್ 22ರಂದು, ಅವನ್ನು ಎಬ್ಬಿಸಲು ಕರೆದರು. ಅವು ಓಗೊಡಲಿಲ್ಲ. ಆ ಒಂದು ಇರುಳಿನ ಚಳಿಯ ಮುಂದೆ ಲೋಹದ ಮೈಯೂ ಸೋತಿತು.

ಹಾಗಾದರೆ ಉಡುಪು ಕಂಬಳಿಯಂತೆ ಬಿಸಿಯನ್ನು ಉಳಿಸಿದರೆ ಸಾಕೇ? ಇಲ್ಲಿಯೇ ಅಜ್ಜಿಯ ಅನುಭವಜ್ಞಾನ ಮೇಷ್ಟ್ರ ವಿದ್ಯೆಗಿಂತ ಮುಂದಿದ್ದುದು. ಕೆಲಸ ಮಾಡುವ ಮೈ ತಾನೇ ಬಿಸಿಯನ್ನು ಹುಟ್ಟಿಸುತ್ತದೆ. ಇಲ್ಲಿ ಆ ಬಿಸಿಯನ್ನು ಗಾಳಿ ಒಯ್ಯುತ್ತದೆ, ಬೆವರು ಆರಿಸುತ್ತದೆ. ಅಲ್ಲಿಯಾದರೋ ಮನುಷ್ಯ ಫ್ಲಾಸ್ಕಿನೊಳಗಿನ ಕಾಫಿಯಂತೆ. ಸುತ್ತಲೂ ಶೂನ್ಯ, ಬಿಸಿ ಹೊರಗೆ ಹೋಗಲು ದಾರಿಯಿಲ್ಲ. ಆದುದರಿಂದ ಚಂದ್ರಯಾತ್ರಿಗಳು ಎಲ್ಲಕ್ಕಿಂತ ಒಳಗೆ, ಮೈಗೆ ಅಂಟಿದಂತೆ, ಸಣ್ಣ ಸಣ್ಣ ಕೊಳವೆಗಳನ್ನು ಹೆಣೆದ ಒಳಅಂಗಿಯೊಂದನ್ನು ತೊಟ್ಟಿದ್ದರು. ಆ ಕೊಳವೆಗಳಲ್ಲಿ ಹರಿಯುವ ತಣ್ಣೀರು ಮೈಯ ಬಿಸಿಯನ್ನು ಹೀರಿ ಬೆನ್ನಿನ ಪೆಟ್ಟಿಗೆಗೆ ಒಯ್ಯುತ್ತಿತ್ತು. ಅಲ್ಲಿ ಬೇರೆಯ ನೀರು ಸಣ್ಣ ರಂಧ್ರಗಳ ಫಲಕದಿಂದ ಹೊರಗಿನ ಶೂನ್ಯಕ್ಕೆ ಒಸರಿ, ಮಂಜುಗಟ್ಟಿ, ಆ ಮಂಜು ನೇರವಾಗಿ ಆವಿಯಾಗಿ ಹಾರಿಹೋಗುವಾಗ ಬಿಸಿಯನ್ನೂ ಕೊಂಡೊಯ್ಯುತ್ತಿತ್ತು. ಹುಳುಮನೆಯ ಬಾಗಿಲಿಗೆ ಅಜ್ಜಿ ಕಟ್ಟುತ್ತಿದ್ದ ಒದ್ದೆ ಗೋಣಿತಾಟಿನ ತತ್ತ್ವ ಇದೇ. ಹೋಗುವ ನೀರು ಬಿಸಿಯನ್ನು ಜೊತೆಗೆ ಒಯ್ಯುತ್ತದೆ. ಅವಳಿಗೆ ಆ ದಿನ ಇದನ್ನು ಯಾರಾದರೂ ಹೇಳಿದ್ದರೆ ತಕ್ಷಣ ಒಪ್ಪುತ್ತಿದ್ದಳು.

ಗಾಳಿ ನಮಗೆ ಮಾಡುವ ಉಪಕಾರಗಳಲ್ಲಿ ಇನ್ನೆರಡನ್ನು ಹೇಳಬೇಕು. ಒಂದು, ಆಕಾಶದಿಂದ ಬೀಳುವ ಮರಳಿನ ಕಣದಷ್ಟು ಸಣ್ಣ ಉಲ್ಕೆಗಳು ನಮ್ಮ ಗಾಳಿಯಲ್ಲಿ ಉರಿದು ಹೋಗುತ್ತವೆ. ಬೀಳುವ ನಕ್ಷತ್ರವೆಂದು ನಾವು ಕೈ ತೋರಿಸುವುದು ಅದನ್ನೇ. ಚಂದ್ರನಲ್ಲಿ ಅವು ಬಂದೂಕಿನ ಗುಂಡಿಗಿಂತ ಹೆಚ್ಚು ವೇಗದಲ್ಲಿ ನೇರವಾಗಿ ನೆಲಕ್ಕೆ ಬಡಿಯುತ್ತವೆ. ಎರಡು, ಸೂರ್ಯನ ಕ್ರೂರ ಕಿರಣಗಳನ್ನು ನಮ್ಮ ಗಾಳಿಯೂ, ಭೂಮಿಯ ಕಾಂತಶಕ್ತಿಯೂ ತಡೆಯುತ್ತವೆ. ಉಡುಪಿನ ಹೊರಪದರಗಳು ಸಣ್ಣ ಕಣಗಳನ್ನು ತಡೆದುವು. ಮುಖದ ಮುಂದೆ ಬಂಗಾರದ ತೆಳು ಲೇಪವಿದ್ದ ಫಲಕ ಕಣ್ಣನ್ನು ಕಾಯಿತು. ಪತ್ರಿಕೆಯ ಚಿತ್ರದಲ್ಲಿ ಮುಖ ಕಾಣದಿದ್ದುದಕ್ಕೆ ಕಾರಣ ಆ ಬಂಗಾರ. ಆದರೆ ಸೂರ್ಯ ಕೆರಳಿದಾಗ ಹೊಮ್ಮುವ ಕಣಪ್ರವಾಹವನ್ನು ತಡೆಯುವ ಶಕ್ತಿ ಆ ಉಡುಪಿಗಿರಲಿಲ್ಲ. 1972ರ ಆಗಸ್ಟಿನಲ್ಲಿ ಅಂಥ ಒಂದು ದೊಡ್ಡ ಬಿರುಗಾಳಿ ಎದ್ದಿತು. ಅಪೊಲೊ 16 ಏಪ್ರಿಲಿನಲ್ಲಿ ಹೋಗಿ ಬಂದಿತ್ತು. ಅಪೊಲೊ 17 ಡಿಸೆಂಬರಿನಲ್ಲಿ ಹೊರಡಲಿತ್ತು. ನಡುವೆ ಚಂದ್ರನಲ್ಲಿ ಯಾರೂ ಇರಲಿಲ್ಲವೆಂಬುದು ಅದೃಷ್ಟ.

ಈ ಉಡುಪನ್ನು ಹೊಲಿದವರು ಯಾರೆಂಬುದನ್ನು ಸಾಹಿತ್ಯಪ್ರಿಯರು ತಿಳಿಯಬೇಕು. ಅಮೆರಿಕದ ಡೆಲವೇರ್ ಪ್ರಾಂತದ ಡೋವರ್ ಎಂಬ ಊರಿನ, ಹೆಂಗಸರ ಒಳಉಡುಪುಗಳಿಗೆ ಹೆಸರಾಗಿದ್ದ ಸಂಸ್ಥೆಯೊಂದಕ್ಕೆ ಆ ಕೆಲಸ ದೊರೆಯಿತು. ಹೊಲಿಗೆ ಯಂತ್ರದ ಮುಂದೆ ಕುಳಿತವರು ಅಲ್ಲಿಯ ಸಾಮಾನ್ಯ ಹೆಣ್ಣುಮಕ್ಕಳು. ಒಂದರ ಮೇಲೊಂದು 21 ಪದರ. ನೈಲಾನು, ರಬ್ಬರು, ಅಲ್ಯೂಮಿನಿಯಮ್ ಲೇಪದ ತೆಳು ಹಾಳೆ, ಎಲ್ಲಕ್ಕೂ ಹೊರಗೆ ಬೆಂಕಿ ತಾಗದ ಗಾಜಿನ ನೂಲಿನ ಬಟ್ಟೆ. ಹೊಲಿಗೆ ಅಂಗುಲದ 64ನೆಯ ಒಂದು ಭಾಗದಷ್ಟೂ ಆಚೀಚೆ ಆಗಬಾರದು. ಒಂದು ಗುಂಡುಸೂಜಿ ಮರೆತು ಒಳಗುಳಿದರೆ ಅದು ಒಬ್ಬನ ಪ್ರಾಣಕ್ಕೆ ಎರವು. ಬೆನ್ನಿನ ಪೆಟ್ಟಿಗೆಯೂ ಸೇರಿ ಭೂಮಿಯ ಮೇಲೆ 80 ಕಿಲೋಗೂ ಹೆಚ್ಚು ತೂಗುತ್ತಿದ್ದ ಆ ಉಡುಪು ಚಂದ್ರನಲ್ಲಿ ಆರರಲ್ಲೊಂದು ಪಾಲಾಗಿ ಹಗುರವಾಯಿತು. 1969ರಿಂದ 1972ರ ವರೆಗೆ ಹನ್ನೆರಡು ಮಂದಿ ಅದನ್ನು ತೊಟ್ಟು ಅಲ್ಲಿ ನಡೆದರು. ಹನ್ನೆರಡು ಮಂದಿಯೂ ಮನೆಗೆ ಮರಳಿದರು. ಕುಸುರಿಯ ಕೈಗಳ ಮೇಲೆ ಅಷ್ಟು ದೊಡ್ಡ ಭಾರ ಬಿದ್ದದ್ದು ಚರಿತ್ರೆಯಲ್ಲಿ ಅಪರೂಪ.

ಇನ್ನು ಧೂಳಿನ ಮಾತು. ಇದನ್ನು ಹೇಳುವುದು ನನಗೆ ಸುಲಭವಲ್ಲ.

ಚಂದ್ರನ ಧೂಳು ನಮ್ಮ ಬೀದಿಯ ಧೂಳಿನಂತಲ್ಲ. ಇಲ್ಲಿ ಗಾಳಿಯೂ ನೀರೂ ಕಣಗಳನ್ನು ಉರುಳಿಸಿ, ಉಜ್ಜಿ, ಅಂಚುಗಳನ್ನು ಸವೆಸುತ್ತವೆ. ಅಲ್ಲಿ ಉಲ್ಕೆಗಳ ಪೆಟ್ಟಿಗೆ ಒಡೆದ ಕಲ್ಲು, ಕರಗಿ ಗಾಜಾದ ಚೂರು, ಒಡೆದ ದಿನದ ಮೊನಚನ್ನೇ ಉಳಿಸಿಕೊಂಡು ಕೋಟ್ಯಂತರ ವರ್ಷ ಬಿದ್ದಿರುತ್ತದೆ. 1972ರ ಡಿಸೆಂಬರಿನಲ್ಲಿ ಅಪೊಲೊ 17ರ ಯಾತ್ರಿಗಳು ಮೂರು ಸಲ ಹೊರಗೆ ಹೋಗಿ ಒಟ್ಟು 22 ಗಂಟೆ ಕೆಲಸ ಮಾಡಿದರು. ಅವರಲ್ಲಿ ಭೂವಿಜ್ಞಾನಿಯಾಗಿದ್ದ ಹ್ಯಾರಿಸನ್ ಸ್ಮಿಟ್ ನೌಕೆಯೊಳಗೆ ಬಂದು ಶಿರಸ್ತ್ರಾಣ ತೆಗೆದಾಗ, ಉಡುಪಿಗೆ ಅಂಟಿ ಬಂದ ಧೂಳು ಮೂಗಿಗೆ ಏರಿ ಕಟ್ಟಿಕೊಂಡಿತು, ಗಂಟಲು ಕೆರೆಯಿತು. ಅವರ ಕೈಗವಸಿನ ಹೊರಪದರವನ್ನೂ ಅದು ತೇದಿತ್ತು. ಮೂರು ದಿನಗಳ ವಾಸವಾದುದರಿಂದ ಅಪಾಯ ಅಲ್ಲಿಗೇ ನಿಂತಿತು. ಮುಂದೆ ಚಂದ್ರನಲ್ಲಿ ಹೆಚ್ಚು ಕಾಲ ಉಳಿಯಬೇಕೆನ್ನುವವರು ಎಲ್ಲಕ್ಕಿಂತ ಹೆಚ್ಚಾಗಿ ಯೋಚಿಸುತ್ತಿರುವ ಸಂಗತಿಗಳಲ್ಲಿ ಈ ಧೂಳೂ ಒಂದು.

ನನ್ನ ಸೋದರಮಾವ, ಎಂದರೆ ಅಜ್ಜಿಯ ಒಬ್ಬನೇ ಮಗ, ನಮ್ಮ ತಾಲ್ಲೂಕಿನ ಒಂದು ಕಲ್ಲುಕೋರೆಯಲ್ಲಿ ಕೆಲಸಕ್ಕಿದ್ದ. ಕಲ್ಲಿಗೆ ಕುಳಿ ಹೊಡೆಯುವಾಗ ಏಳುವ ಬಿಳಿಯ ಪುಡಿ ಅವನ ಹುಬ್ಬು, ಮೀಸೆ, ರೆಪ್ಪೆಗಳ ಮೇಲೆಲ್ಲ ಕೂರುತ್ತಿತ್ತು. ಸಂಜೆ ಮನೆಗೆ ಬಂದರೆ ಚಂದ್ರನಿಂದ ಇಳಿದು ಬಂದವನಂತೆ ಕಾಣುತ್ತಿದ್ದ. ನಾವು ಮಕ್ಕಳು ಹಾಗೆಂದೇ ಅವನನ್ನು ಕೂಗಿ ನಗುತ್ತಿದ್ದೆವು, ಅವನೂ ನಗುತ್ತಿದ್ದ. ಮೂಗಿಗೆ ಕಟ್ಟಿಕೊಳ್ಳುತ್ತಿದ್ದುದು ಹೆಗಲ ಮೇಲಿನ ವಲ್ಲಿ. ಕೆಲವು ವರ್ಷಗಳಲ್ಲಿ ಕೆಮ್ಮು ಹತ್ತಿತು. ಕ್ಷಯವೆಂದು ಔಷಧ ಕೊಟ್ಟರು, ಗುಣವಾಗಲಿಲ್ಲ. ಮೆಟ್ಟಿಲು ಹತ್ತಲಾರದವನಾದ, ಕೊನೆಗೆ ಮಲಗಿಯೂ ಉಸಿರಾಡಲಾರದವನಾದ. 1979ರಲ್ಲಿ, ನಾನು ಬಿ.ಎ. ಓದುತ್ತಿದ್ದಾಗ, ತೀರಿಕೊಂಡ. ಎದೆಯ ಚಿತ್ರ ನೋಡಿದ ಒಬ್ಬ ವೈದ್ಯರು ಕೊನೆಯ ದಿನಗಳಲ್ಲಿ ಹೇಳಿದ್ದರು: ಇದು ಕ್ಷಯವಲ್ಲ, ಕಲ್ಲಿನ ಧೂಳು. ಆ ರೋಗಕ್ಕೆ ಸಿಲಿಕೋಸಿಸ್ ಎಂದು ಹೆಸರು. ಕಲ್ಲಿನ ಸೂಕ್ಷ್ಮ ಕಣ ಶ್ವಾಸಕೋಶವನ್ನು ಸೇರಿ, ಒಳಗೆ ಗಾಯದ ಗಂಟುಗಳನ್ನು ಕಟ್ಟುತ್ತ ಹೋಗುತ್ತದೆ. ಕಟ್ಟಿದ ಗಂಟನ್ನು ಬಿಡಿಸುವ ಔಷಧವಿಲ್ಲ, ಧೂಳು ಒಳಹೋಗದಂತೆ ತಡೆಯುವುದೇ ಉಪಾಯ. ನಮ್ಮ ನಾಡಿಗೆ ಇದು ಅಪರಿಚಿತ ವಿಷಯವಾಗಿರಲಿಲ್ಲ. ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರ ಸ್ಥಿತಿಯನ್ನು ಕಂಡು ಮೈಸೂರು ಸಂಸ್ಥಾನ 1940ರಲ್ಲಿಯೇ ಸಿಲಿಕೋಸಿಸ್ ನಿಯಮಗಳನ್ನು ಮಾಡಿತ್ತು.

ಹದಿಮೂರನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಅಜ್ಜಿ ಜಗಲಿಯಲ್ಲಿ ಕುಳಿತಿದ್ದಳು. ಅಂದು ಬೆಳದಿಂಗಳಿತ್ತು. ‘ಆ ಚಂದ್ರನ ಮ್ಯಾಲೆ ಹೋದೋನ್ಗೆ ಅಂಗಿ ಹೊಲಿದ್ರಲ್ಲ ಮಗ, ಅವನ ಅವ್ವ ಪುಣ್ಯ ಮಾಡಿದ್ಲು’ ಎಂದಳು. ಅಷ್ಟೇ ಹೇಳಿದ್ದು. ಹತ್ತು ವರ್ಷಗಳ ಹಿಂದೆ ತಾನು ಕೇಳಿದ ಪ್ರಶ್ನೆಗೆ ಅವಳು ಯಾವ ಪುಸ್ತಕದ ಹಂಗೂ ಇಲ್ಲದೆ ಉತ್ತರವನ್ನು ಕಂಡುಕೊಂಡಿದ್ದಳು.

ನಮ್ಮ ದೇಶವೂ ಇಂದು ಆ ಅಂಗಿಯನ್ನು ಹೊಲಿಯುವ ದಾರಿಯಲ್ಲಿದೆ. ಅದರ ಬಹುಭಾಗ ಹಾದುಹೋಗುವುದು ಬೆಂಗಳೂರಿನ ಮೂಲಕವೇ. ಎತ್ತರದ ಹಾರಾಟದಲ್ಲಿ ಮೈಗೆ ಏನಾಗುತ್ತದೆಂಬುದನ್ನು ಪರೀಕ್ಷಿಸುವ ವಾಯುಪಡೆಯ ವೈದ್ಯಕೀಯ ಸಂಸ್ಥೆ 1957ರಿಂದ ಅಲ್ಲಿದೆ. ರಾಕೇಶ್ ಶರ್ಮರನ್ನು ಆರಿಸುವ ಪರೀಕ್ಷೆಗಳು ನಡೆದುದು ಅಲ್ಲಿಯೇ. ವಿಮಾನಚಾಲಕರ ಉಸಿರಿನ ಉಪಕರಣಗಳನ್ನೂ ರಕ್ಷಣೆಯ ಉಡುಪುಗಳನ್ನೂ ರೂಪಿಸುವ ಡೆಬೆಲ್ ಪ್ರಯೋಗಾಲಯವೂ ಬೆಂಗಳೂರಿನದು. 2018ರಲ್ಲಿ ತಿರುವನಂತಪುರದ ವಿಜ್ಞಾನಿಗಳು ರೂಪಿಸಿದ ಕಿತ್ತಳೆ ಬಣ್ಣದ ಉಡುಪೊಂದನ್ನು ಬೆಂಗಳೂರಿನ ಪ್ರದರ್ಶನದಲ್ಲಿ ಜನ ನೋಡಿದರು. 2019ರಲ್ಲಿ ಮಾನವಸಹಿತ ಯಾನದ ಕೇಂದ್ರವೂ ಅದೇ ನಗರದಲ್ಲಿ ಆರಂಭವಾಯಿತು. 2025ರ ಜೂನ್ 25ರಂದು ಹೊರಟು ಶುಭಾಂಶು ಶುಕ್ಲ ಅಂತರಿಕ್ಷ ನಿಲ್ದಾಣಕ್ಕೆ ಹೋಗಿ ಬಂದರು. ಇವೆಲ್ಲ ನೌಕೆಯೊಳಗೆ ತೊಡುವ ಉಡುಪುಗಳ ಮಾತು. ನೌಕೆ ಬಿಟ್ಟು ಚಂದ್ರನ ನೆಲದ ಮೇಲೆ ನಡೆಯುವ ಉಡುಪು ಇದಕ್ಕಿಂತ ಬಹಳ ಕಠಿಣವಾದುದು. 2040ರೊಳಗೆ ಭಾರತೀಯನೊಬ್ಬ ಅಲ್ಲಿ ನಿಲ್ಲಬೇಕೆಂಬ ಗುರಿಯನ್ನು 2023ರಲ್ಲಿ ಸಾರಲಾಗಿದೆ. ಆ ದಿನ ಬರಲಿ ಎಂದು ಹಾರೈಸುವವರಲ್ಲಿ ನಾನೂ ಒಬ್ಬ. ಆ ಉಡುಪಿನ ಪದರಗಳನ್ನು ಜೋಡಿಸುವಷ್ಟು ಶ್ರದ್ಧೆಯನ್ನು, ಕೋರೆಯಲ್ಲಿ ಕುಳಿ ಹೊಡೆಯುವವನ ಮೂಗಿಗೆ ಒಳ್ಳೆಯ ಮುಸುಕು ಕೊಡುವುದರಲ್ಲಿ, ಕಲ್ಲು ಕೊರೆಯುವಾಗ ನೀರು ಬಿಟ್ಟು ಧೂಳನ್ನು ಅಡಗಿಸುವುದರಲ್ಲಿ ತೋರಿಸಿದರೆ ಆ ಹಾರೈಕೆ ಪೂರ್ಣವಾಗುತ್ತದೆ. ಇದಕ್ಕೆ ಬೇಕಾದ ವಿದ್ಯೆ ಹೊಸದೇನೂ ಅಲ್ಲ, ಖರ್ಚೂ ಹೆಚ್ಚಲ್ಲ. ಶ್ವಾಸಕೋಶ ಇಬ್ಬರಿಗೂ ಒಂದೇ ಬಗೆಯದು.

ಅಜ್ಜಿ ಈಗಿಲ್ಲ. ಇದ್ದಿದ್ದರೆ ಅವಳ ಮೊದಲ ಪ್ರಶ್ನೆಗೆ ನಾನು ಹೀಗೆ ಹೇಳುತ್ತಿದ್ದೆ: ಅಜ್ಜಿ, ಚಂದ್ರ ತಣ್ಣಗಿಲ್ಲ, ತಣ್ಣಗಿರುವುದು ನಮ್ಮ ಮರಳವಾಡಿ. ನೀನು ಹುಳುವಿಗಾಗಿ ಗೋಣಿತಾಟು ನೆನೆಸಿ, ಕೆಂಡವಿಟ್ಟು, ಕಿಟಕಿ ತೆರೆದು ಹದ ಮಾಡುತ್ತಿದ್ದೆಯಲ್ಲ, ಹಾಗೆಯೇ ಈ ಗಾಳಿ ನಮ್ಮೆಲ್ಲರಿಗಾಗಿ ಹಗಲಿರುಳು ಹದ ಮಾಡುತ್ತಿದೆ. ಆ ಹುಳುಮನೆಯನ್ನು ಬಿಟ್ಟು ಹೊರಟವನು ಅದರ ಒಂದು ತುಣುಕನ್ನು ಮೈಗೆ ಸುತ್ತಿಕೊಂಡು ಹೋಗಬೇಕಾಗುತ್ತದೆ. ಅದಕ್ಕೇ ಅಷ್ಟು ದಪ್ಪನ ಅಂಗಿ.

ಇಷ್ಟು ಹೇಳಿದ್ದರೆ ಅವಳು ಒಪ್ಪುತ್ತಿದ್ದಳೆಂದು ನನ್ನ ನಂಬಿಕೆ.